ನಡೆ ಇದ್ದವರ ಮನೆಗೆ ಹಲಗೆ

ಅಮರನಾಥ ಮೂರು ಸಲ ಹೆಣ್ಣು ನೋಡಿದ್ದ. ಮೂರು ಸಲವೂ "ವಿಚಾರ ಮಾಡಿ ಹೇಳ್ತೀನಿ" ಎಂದು ಚಹಾ ಕುಡಿದು ಎದ್ದು ಬಂದಿದ್ದ. ಅವನ ವಿಚಾರ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಮೊದಲನೆಯವಳ ಮಗಳ ಮದುವೆಯ ಪತ್ರಿಕೆ ಬಂತು. ತಾಯಿ ಪಾರ್ವತಿಬಾಯಿ ಆ ಪತ್ರಿಕೆಯನ್ನು ದೇವರ ಜಗಲಿಯ ಮೇಲೆ, ಅವನ ಕಣ್ಣಿಗೆ ಬೀಳುವ ಹಾಗೆ, ಒಂದು ವರ್ಷ ಇಟ್ಟಿದ್ದಳು. ಅವನಿಗೀಗ ನಲವತ್ತಾರು.

ಕೆಲಸವೂ ಅವನಿಗೆ ಅಂಥದ್ದೇ ಸಿಕ್ಕಿತ್ತು. ನಾರಾಯಣಖೇಡದ ಧಾನ್ಯದ ಮಾರ್ಕೆಟ್ಟಿನಲ್ಲಿ ತೊಗರಿಯ ಮಾಲು ಪರೀಕ್ಷೆ ಮಾಡುವುದು. ಚೀಲದಿಂದ ಒಂದು ಬೊಗಸೆ ತೆಗೆದು, ಅಂಗೈ ಮೇಲೆ ಹರಡಿ, ಹುಳು ಹಿಡಿದದ್ದೆಷ್ಟು, ಜೊಳ್ಳೆಷ್ಟು, ಹಸಿ ಎಷ್ಟು ಎಂದು ನೋಡಿ, ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಡಿದು, ಅದು ಮುರಿದ ಸದ್ದನ್ನು ಕೇಳಿ, ಆಮೇಲೆ ಇನ್ನೊಂದು ಬೊಗಸೆ ತೆಗೆಯುತ್ತಿದ್ದ. ತೇವ ಅಳೆಯುವ ಯಂತ್ರ ಅರ್ಧ ನಿಮಿಷದಲ್ಲಿ ಹೇಳಿದ್ದನ್ನೇ ಅವನು ಕಾಲು ತಾಸಿನಲ್ಲಿ ಹೇಳುತ್ತಿದ್ದ. ಆದರೂ ರೈತರು ಅವನನ್ನೇ ನಂಬುತ್ತಿದ್ದರು. ತಮ್ಮ ಬೆಳೆಯನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ ಮನುಷ್ಯ ಮೋಸ ಮಾಡಲಾರ ಎಂಬುದು ಅವರ ಲೆಕ್ಕ.

ಮನೆ ಜಹೀರಾಬಾದಿನಲ್ಲಿ. ದಿನಾ ಮುಂಜಾನೆ ಏಳೂವರೆಯ ಬಸ್ಸು ಹತ್ತಿದರೆ ಒಂಬತ್ತಕ್ಕೆ ಖೇಡ. ಆ ಒಂದೂವರೆ ತಾಸಿನಲ್ಲಿ ಅವನು ಕಾಲು ಮೇಲೆ ಒಂದು ಪುಟ್ಟ ಚದುರಂಗದ ಹಲಗೆ ಬಿಚ್ಚಿಟ್ಟುಕೊಂಡು, ಪುಸ್ತಕದಲ್ಲಿದ್ದ ಆಟಗಳನ್ನು ತನ್ನಷ್ಟಕ್ಕೆ ತಾನೇ ಆಡುತ್ತಿದ್ದ. ಅಯಸ್ಕಾಂತದ ಹಲಗೆ, ನಾಣ್ಯದಂಥ ಚಪ್ಪಟೆ ಕಾಯಿಗಳು. ಆಟದ ನಡುವೆ ಮಡಚಿಟ್ಟರೂ ಕಾಯಿಗಳು ಇದ್ದಲ್ಲಿಯೇ ಕಚ್ಚಿಕೊಂಡಿರುತ್ತಿದ್ದವು.

ಮೂರು ವರ್ಷದ ಹಿಂದೆ ಒಂದು ದಿನ ಪಕ್ಕದಲ್ಲಿ ಕೂತ ಹೆಂಗಸು ಕೈ ಚಾಚಿ ಅವನ ಕುದುರೆಯನ್ನು ಎತ್ತಿ ಬೇರೆ ಮನೆಯಲ್ಲಿ ಇಟ್ಟಳು.

"ಇಲ್ಲಿ ಇಟ್ರ ರಾಜಾಗ ಶಹ ಬೀಳ್ತದ ನೋಡ್ರಿ," ಎಂದಳು.

ನೋಡಿದ. ಬಿದ್ದಿತ್ತು. ಪುಸ್ತಕ ಬರೆದವನಿಗೆ ಹೊಳೆದಿರಲಿಲ್ಲ.

ಅವಳು ರಜನಿ. ಸಿರ್ಗಾಪುರದ ಸರ್ಕಾರಿ ಶಾಲೆಯಲ್ಲಿ ಗಣಿತದ ಟೀಚರು. ಜಹೀರಾಬಾದಿನಲ್ಲಿ ಬಾಡಿಗೆ ಕೋಣೆ, ಖೇಡದಲ್ಲಿಳಿದು ಆಟೊ ಹಿಡಿದು ಮುಂದೆ ಹೋಗುವವಳು. ಆಟ ಕಲಿಸಿದವನು ಅಪ್ಪ ಪೋಚಪ್ಪ. ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದವನು, ಕಬ್ಬಿನ ಲಾರಿಗಳು ಸಾಲುಗಟ್ಟಿ ನಿಂತಾಗ ಡ್ರೈವರುಗಳಿಂದ ಶತರಂಜ್ ಕಲಿತಿದ್ದ. ಹಾಗಾಗಿ ಅವಳದು ದೇಸಿ ಆಟ. ಪ್ಯಾದೆ ಯಾವಾಗಲೂ ಒಂದೇ ಮನೆ ನಡೆಯಬೇಕು. ಅವನದು ಪುಸ್ತಕದ ಆಟ; ಮೊದಲ ಸಲ ಎರಡು ಮನೆ ನಡೆಯಬಹುದು. ಇದೊಂದು ತಕರಾರು ತೀರಲು ಎಂಟು ದಿನ ಹಿಡಿಯಿತು. ಕೊನೆಗೆ ಕಂಡಕ್ಟರ್ ಸುಗಲಾಬಾಯಿ ಪಂಚಾಯ್ತಿ ಮಾಡಿದಳು. "ಆಕಿ ಪ್ಯಾದೆ ಒಂದು ಮನಿ ನಡೀಲಿ, ನಿಂದು ಎರಡು ನಡೀಲಿ. ನನ್ನ ಗಾಡಿನ್ಯಾಗ ಹೆಣ್ಮಕ್ಕಳಿಗಿ ಟಿಕೇಟ್ ಇಲ್ಲ, ನಿನಗ ಅದ. ಅದಕ್ಕ ಯಾರರ ಜಗಳ ತೆಗದಾರೇನು?"

ಹಾಗೆಯೇ ನಡೆಯಿತು. ಜಗತ್ತಿನ ಬೇರೆಲ್ಲೂ ಇರಲಾರದ ಆ ಚದುರಂಗಕ್ಕೆ ಅವರು ಇನ್ನೆರಡು ನಿಯಮ ಸೇರಿಸಿದರು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಖೇಡ ಬಂದಾಗ ನಡೆ ಯಾರದು ಬಾಕಿ ಇದೆಯೋ ಅವರು ಹಲಗೆಯನ್ನು ಮನೆಗೆ ಒಯ್ಯಬೇಕು. ಮರುದಿನ ಬಸ್ಸಿಗೆ ತರುವ ಜವಾಬ್ದಾರಿಯೂ ಅವರದೇ.

ಎರಡನೆಯ ನಿಯಮದ ದೆಸೆಯಿಂದ ಹಲಗೆ ಹೆಚ್ಚಾಗಿ ಅಮರನಾಥನ ಮನೆಯಲ್ಲೇ ಇರುತ್ತಿತ್ತು. ರಜನಿಯ ನಡೆಗೆ ಹೊತ್ತೇ ಹಿಡಿಯುತ್ತಿರಲಿಲ್ಲ. ಅವನು ಕಾಯಿ ಬಿಟ್ಟು ಬೆರಳು ಹಿಂದೆಗೆಯುವುದರೊಳಗೆ ಅವಳ ಕೈ ಬಂದು ಟಪ್ಪನೆ ಇಟ್ಟು ಹೋಗಿರುತ್ತಿತ್ತು, ರೊಟ್ಟಿ ಬಡಿದ ಹಾಗೆ. ಆಮೇಲೆ ಅವಳು ಕಿಟಕಿಯಾಚೆ ನೋಡುತ್ತಲೋ, ಉತ್ತರ ಪತ್ರಿಕೆ ತಿದ್ದುತ್ತಲೋ ಕೂಡುತ್ತಿದ್ದಳು. ಇವನು ಗಲ್ಲಕ್ಕೆ ಕೈ ಹಚ್ಚುತ್ತಿದ್ದ.

"ಜರಾ ವಿಚಾರ ಮಾಡಿ ನಡಸ್ರಿ ಟೀಚರ್. ಇಷ್ಟು ಗಡಿಬಿಡಿ ಛಲೋ ಅಲ್ಲ."

"ನೀವು ಇಬ್ಬರದೂ ಸೇರಿಸಿ ಮಾಡ್ಲತೀರಲ್ರಿ. ಮತ್ತ ನಾ ಯಾಕ ಮಾಡ್ಲಿ?"

ಮೂರು ವರ್ಷದಲ್ಲಿ ನಲವತ್ತಮೂರು ಆಟ ಮುಗಿದವು. ಇಪ್ಪತ್ತೊಂಬತ್ತು ಅವಳು ಗೆದ್ದಳು. ಅದೃಷ್ಟ ಎಂದು ಅಮರನಾಥ ತೀರ್ಮಾನಿಸಿದ್ದ. ಬಹಳ ವಿಚಾರ ಮಾಡಿಯೇ ತೀರ್ಮಾನಿಸಿದ್ದ.

ಇನ್ನೊಂದು ವಿಷಯವನ್ನೂ ಅವನು ಗಮನಿಸಿದ್ದ. ರಜನಿ ಬಸ್ಸಿನಲ್ಲಿ ಎಲ್ಲರನ್ನೂ ಅಣ್ಣ ಎನ್ನುತ್ತಿದ್ದಳು. ಡ್ರೈವರ್ ಅಣ್ಣ, ಕಡಲೆ ಮಾರುವವನು ಅಣ್ಣ, ಸೀಟು ಬಿಡದವನು ಕೂಡ ಅಣ್ಣ. ತನ್ನನ್ನು ಮಾತ್ರ ಒಂದು ದಿನವೂ ಅಣ್ಣ ಎಂದಿರಲಿಲ್ಲ, "ಅಮರನಾಥ್‌ರೀ" ಎನ್ನುತ್ತಿದ್ದಳು. ಇದಕ್ಕೇನಾದರೂ ಅರ್ಥವಿದೆಯೇ ಎಂದು ಅವನು ವಿಚಾರ ಮಾಡತೊಡಗಿ ಎರಡೂವರೆ ವರ್ಷವಾಗಿತ್ತು. ಅವಳು ಇಪ್ಪತ್ತೆರಡನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಮಟ್ಟಿಗೆ ಮದುವೆಯಾಗಿದ್ದಳೆಂದು ಸುಗಲಾಬಾಯಿಯಿಂದ ತಿಳಿದಿತ್ತು. ಅವಳ ಕೋಣೆಯಲ್ಲಿ ಬುದ್ಧನ ಪಟ, ತನ್ನ ಮನೆಯಲ್ಲಿ ಲಿಂಗಪೂಜೆ. ತನ್ನ ತಾಯಿ ಏನೆಂದಾಳು, ಅವಳ ತಾಯಿ ಏನೆಂದಾಳು, ಕಾಕಾ ಮನ್ಮಥಪ್ಪ ಯಾವ ಕುರ್ಚಿಯಿಂದ ಎದ್ದು ಯಾವ ಬಾಗಿಲಿನಿಂದ ಹೊರಗೆ ಹೋದಾನು, ಎಲ್ಲವನ್ನೂ ಅವನು ಲೆಕ್ಕ ಹಾಕಿಟ್ಟಿದ್ದ. ಹದಿನಾರು ನಡೆ ಮುಂದಿನವರೆಗೆ ನೋಡಿದ್ದ. ಮೊದಲನೆಯ ನಡೆ ಮಾತ್ರ ನಡೆಸಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ರಜನಿ ಚೀಲದಿಂದ ಒಂದು ಕಾಗದ ತೆಗೆದಳು. ತಾಂಡೂರಿನ ಹತ್ತಿರದ ಶಾಲೆಯ ಟೀಚರೊಬ್ಬಳಿಗೆ ಈ ಕಡೆ ಬರಬೇಕಾಗಿತ್ತು; ಪರಸ್ಪರ ಬದಲಿಯ ಅರ್ಜಿ. ಇಬ್ಬರೂ ಸಹಿ ಮಾಡಿ ಕೊಟ್ಟರೆ ಅವಳು ಇಲ್ಲಿಗೆ, ಇವಳು ಅಲ್ಲಿಗೆ. ತಾಂಡೂರಿನಲ್ಲಿ ಇವಳ ತಮ್ಮ ಜೈಪಾಲ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದ. ತಾಯಿ ಲಚ್ಚಮ್ಮ ಅವನ ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು.

"ಶುಕ್ರವಾರ ಸಂಜೀಕ ಐದಕ್ಕ ಕಡೀ," ಎಂದಳು ರಜನಿ. "ಏನ್ ಮಾಡ್ಲಿ ಹೇಳ್ರಿ."

"ನಾ ಹೇಳ್ಬೇಕೇನ್ರಿ?"

"ನೀವೇ ಹೇಳ್ಬೇಕು."

ಅವಳು ಕಿಟಕಿಯಾಚೆ ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು. ಅವನ ಒಂಟೆಗೆ ಅವಳ ಆನೆಯಿಂದ ಅಪಾಯವಿತ್ತು. ಅವನು ಒಂಟೆಯನ್ನು ನೋಡಿದ.

"ವಿಚಾರ ಮಾಡಿ ಹೇಳ್ತೀನಿ," ಎಂದ.

ನಾಲ್ಕು ದಿನ ಪ್ರಾಮಾಣಿಕವಾಗಿ ವಿಚಾರ ಮಾಡಿದ. ಹೋಗಬೇಡಿ ಎನ್ನುವ ಮಾತು ಎಲ್ಲಕ್ಕಿಂತ ಮೊದಲು, ತಾನಾಗಿಯೇ ನಾಲಿಗೆಗೆ ಬಂದಿತ್ತು. ಅದಕ್ಕಾಗಿಯೇ ಅದರ ಮೇಲೆ ಅವನಿಗೆ ಅನುಮಾನ. ವಿಚಾರವಿಲ್ಲದೆ ಬಂದ ಮಾತು ಸ್ವಾರ್ಥದ್ದೇ ಇರಬೇಕು. ಅವಳ ತಾಯಿಯ ಸೊಂಟವನ್ನು ತೂಗಿದ, ಬಾಡಿಗೆ ಕೋಣೆಯನ್ನು ತೂಗಿದ, ದಿನಕ್ಕೆ ಎರಡು ಬಸ್ಸು ಎರಡು ಆಟೊವನ್ನು ತೂಗಿದ. ತನ್ನನ್ನು ತಕ್ಕಡಿಗೆ ಹಾಕಲಿಲ್ಲ, ಅದು ಸಭ್ಯತೆಯಲ್ಲವೆಂದುಕೊಂಡ. ಶುಕ್ರವಾರ ಮುಂಜಾನೆ ತೊಗರಿಯ ಫಲಿತಾಂಶ ಹೇಳುವ ದನಿಯಲ್ಲೇ ಹೇಳಿದ:

"ತಾಂಡೂರೇ ಛಲೋ ಅನ್ನಸ್ತದರಿ. ಅಲ್ಲಿ ಅವ್ವ ಅದಾರ."

"ಇಷ್ಟೇ ಏನು?"

"ಎಲ್ಲಾ ಬಾಜೂಲಿಂದ ವಿಚಾರ ಮಾಡೀನ್ರಿ."

"ಆತು," ಎಂದಳು ರಜನಿ. ಹಲಗೆಯನ್ನು ಮಡಚಿ, ಅದರ ಮೇಲೆ ಕಾಗದ ಇಟ್ಟುಕೊಂಡು, ಬಸ್ಸು ಕುಲುಕುತ್ತಿದ್ದಾಗಲೇ ಸಹಿ ಮಾಡಿದಳು. ಸಹಿ ಸ್ವಲ್ಪ ಸೊಟ್ಟಗೆ ಬಿತ್ತು. ಆಮೇಲೆ ಹಲಗೆಯನ್ನು ಅವನ ಕಾಲ ಮೇಲೆ ಇಟ್ಟಳು. ನಡೆ ಅವನದು ಬಾಕಿ ಇತ್ತು.

ಬದಲಿಯ ಆದೇಶ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ಅವರು ಪಕ್ಕ ಪಕ್ಕದಲ್ಲೇ ಕೂತು ಹೋದರು, ಹಲಗೆ ಬಿಚ್ಚಿರುತ್ತಿತ್ತು, ಅವನು ನಡೆಸಲಿಲ್ಲ. ಒಂಟೆ ಎಲ್ಲಿಗೆ ಹೋಗಬೇಕೆಂದು ಅವನಿಗೆ ಎರಡನೆಯ ದಿನವೇ ತಿಳಿದಿತ್ತು. ನಡೆಸಿದರೆ ಆಟ ಮುಂದೆ ಹೋಗುತ್ತದೆ. ಮುಂದೆ ಹೋದದ್ದು ಒಂದು ದಿನ ಮುಗಿಯುತ್ತದೆ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ಆಟದ ವಿಚಾರ ಮಾಡದೆ ಸುಮ್ಮನೆ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದ. ಅಥವಾ ಯಾವತ್ತೂ ಹಾಗೆಯೇ ಕೂತಿದ್ದನೋ ಏನೋ. ಅವಳ ಬಳೆ, ಉತ್ತರ ಪತ್ರಿಕೆಯ ಮೇಲೆ ಓಡುವ ಕೆಂಪು ಪೆನ್ನು, ತಪ್ಪು ಲೆಕ್ಕ ಸಿಕ್ಕಾಗ ಮೂಗಿನಲ್ಲಿ ನಗುವ ಸದ್ದು, ಇವೆಲ್ಲ ಅವನಿಗೆ ಕಾಯಿಗಳಿಗಿಂತ ಹೆಚ್ಚು ಬಾಯಿಪಾಠವಾಗಿದ್ದವು.

ಕೊನೆಯ ದಿನ ಇಳಿಯುವಾಗ ಹಲಗೆಯನ್ನು ಅವಳ ಕೈಗೆ ಕೊಡಲು ಹೋದ.

"ನಿಮ್ಮ ಹತ್ರನೇ ಇರ್ಲಿ," ಎಂದಳು. "ನಡೆ ನಿಮ್ದದ."

ಆಮೇಲಿನ ಎಂಟು ತಿಂಗಳು ಹಲಗೆ ಅವನ ಚೀಲದಲ್ಲಿ, ರೊಟ್ಟಿಯ ಡಬ್ಬಿಯ ಕೆಳಗೆ, ಜಹೀರಾಬಾದಿನಿಂದ ಖೇಡಕ್ಕೂ ಖೇಡದಿಂದ ಜಹೀರಾಬಾದಿಗೂ ತಿರುಗಿತು. ಬೇರೆ ಯಾರೊಡನೆಯೂ ಆಡುವ ಹಾಗಿರಲಿಲ್ಲ. ಆಟ ನಡುವೆ ನಿಂತಿತ್ತು. ಕೆಲವು ದಿನ ಬಸ್ಸಿನಲ್ಲಿ ಬಿಚ್ಚಿ ನೋಡುತ್ತಿದ್ದ. ಕಾಣೆಯಾದ ಒಂದು ಪ್ಯಾದೆಯ ಬದಲಿಗೆ ಅವಳು ಶಾಲೆಯ ಬೋರ್ಡಿಗೆ ಚಾರ್ಟು ಅಂಟಿಸುವ ಕೆಂಪು ಅಯಸ್ಕಾಂತವೊಂದನ್ನು ತಂದು ಇಟ್ಟಿದ್ದಳು. ಆ ಕೆಂಪು ಚುಕ್ಕೆ ತನ್ನ ಮನೆಯಲ್ಲಿ ಕಾಯುತ್ತ ಕೂತಿರುತ್ತಿತ್ತು. ಮನೆಯಲ್ಲಿ ಪಾರ್ವತಿಬಾಯಿ ಒಮ್ಮೆ ಒರೆಸಲು ಹೋದಾಗ ಅವನು ಊಟದ ಎಲೆ ಬಿಟ್ಟು ಎದ್ದುಬಂದ. "ಅವ್ವಾ, ಅದನ್ನ ಮುಟ್ಟಬ್ಯಾಡ." ಅವಳು ಹಲಗೆಯನ್ನೂ ಮಗನನ್ನೂ ಒಂದಾದ ಮೇಲೊಂದು ನೋಡಿ, "ಮುಟ್ಟೋದಿಲ್ಲಪಾ. ನೀನರ ಮುಟ್ಟು," ಎಂದು ಒಳಗೆ ಹೋದಳು.

ಎರಡನೆಯ ತಿಂಗಳಲ್ಲಿ ರಜನಿಯಿಂದ ಫೋನಿಗೆ ಒಂದು ಸಂದೇಶ ಬಂದಿತ್ತು: "ನಡೆ ಏನಾತ್ರಿ?" ಅವನು ಏನೇನೋ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ "ವಿಚಾರ ಮಾಡ್ಲತೀನಿ" ಎಂದು ಕಳಿಸಿದ. ಉತ್ತರವಾಗಿ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಆ ಹೆಬ್ಬೆಟ್ಟಿನ ಅರ್ಥವೇನೆಂದು ಅವನು ಎಂಟು ದಿನ ಯೋಚಿಸಿದ. ಆಮೇಲೆ ಸಂದೇಶಗಳು ಬರಲಿಲ್ಲ.

ಡಿಸೆಂಬರಿನ ಎರಡನೆಯ ಶನಿವಾರ. ಹೊಸ ತೊಗರಿ ಮಾರ್ಕೆಟ್ಟಿಗೆ ಬರತೊಡಗಿತ್ತು. ಅಮರನಾಥ ಜಹೀರಾಬಾದ್ ಬಸ್ ನಿಲ್ದಾಣದಲ್ಲಿ ಖೇಡದ ಗಾಡಿಗೆ ಕಾಯುತ್ತಿದ್ದಾಗ ಪಕ್ಕದ ಗಾಡಿಯಿಂದ ಸುಗಲಾಬಾಯಿ ಕೂಗಿದಳು. ಅವಳಿಗೆ ಈಗ ತಾಂಡೂರಿನ ರೂಟು, ಎರಡು ತಿಂಗಳಾಗಿತ್ತಂತೆ.

"ಶತರಂಜ್ ಸಾಹೇಬ್ರು ಸೊರಗೀರಲ್ಲ. ಊಟ ವಿಚಾರ ಮಾಡಿ ಮಾಡ್ತೀರೇನು?"

"ಆರಾಮ ಅದೀರೇನು ಸುಗಲಾಬಾಯಿ?"

"ನಂದೇನಾಗ್ತದ. ಟೀಚರಮ್ಮ ವಾರಕ್ಕ ಒಂದೆರಡು ಸಲ ನನ್ನ ಗಾಡಿನ್ಯಾಗೇ ಸಿಗ್ತಾಳ. ಆ ದೊಡ್ಡ ಚೀಲ ಬಾಜೂಕಿನ ಸೀಟಿನ ಮ್ಯಾಲ ಇಟ್ಟು ಕುಂಡ್ರತಾಳ. ಯಾರರ ಬರ್ತಾರೇನವ್ವ ಅಂತ ಕೇಳಿದ್ರ, ಹೂಂ ಅಂತಾಳ. ತಾಂಡೂರ ಬರೋತನ ಯಾರೂ ಬರೋದಿಲ್ಲ."

ಸುಗಲಾಬಾಯಿ ಟಿಕೆಟ್ ಯಂತ್ರದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು.

"ಒಂದ್ ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ಆ ಶುಕ್ರಾರ ಆಕಿ ಸಾಲೀಗಿ ಹೋಗ್ಲೇ ಇಲ್ಲ. ನಾ ಖೇಡಕ್ಕ ಎರಡನೇ ಟ್ರಿಪ್ ಬಂದಾಗೂ ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ಳು, ಮೂರನೇ ಟ್ರಿಪ್ಪಿಗೂ ಕುಂತಿದ್ಳು. ಕೈಯಾಗ ಆ ಕಾಗದ. ಮಾರಿ ನಿಮ್ಮ ಮಾರ್ಕೆಟ್ ಗೇಟಿನ ಕಡಿ. ನಾಕು ಹೊಡದ ಮ್ಯಾಲ ಎದ್ದು ಕೊಡಾಕ ಹ್ವಾದ್ಳು."

"ನೀವು ನನಗ ಹೇಳ್ಲಿಲ್ಲಲ್ಲ."

"ನೀ ಇಷ್ಟು ವಿಚಾರ ಮಾಡಾವ, ನಿನಗ ಗೊತ್ತಿರ್ತದ ಅಂದ್ಕೊಂಡೆ," ಎಂದು ಸುಗಲಾಬಾಯಿ ಸೀಟಿ ಊದಿದಳು.

ತಾಂಡೂರಿನ ಬಸ್ಸು ಹೊರಟಿತು. ಅದು ನಿಲ್ದಾಣದ ಗೇಟು ದಾಟುವಾಗ ಅಮರನಾಥ ಅದರೊಳಗೆ ಇದ್ದ. ಹೇಗೆ ಹತ್ತಿದನೆಂದು ಕೇಳಿದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಖೇಡದಲ್ಲಿ ಚೀಲಗಳು ಬಾಯಿ ಬಿಚ್ಚಿಕೊಂಡು ಅವನಿಗಾಗಿ ಕಾಯುತ್ತಿದ್ದವು. ಇವತ್ತು ಯಂತ್ರ ಹೇಳಿದ್ದನ್ನೇ ಕೇಳಿಕೊಳ್ಳಲಿ ಎಂದುಕೊಂಡ. ಆ ವಿಚಾರ ಅಷ್ಟು ಬೇಗ ಮುಗಿದದ್ದಕ್ಕೆ ಗಾಬರಿಯೂ ಆಯಿತು. ಎರಡು ತಾಸು ಹಲಗೆಯ ಚೀಲವನ್ನು ಎದೆಗವಚಿಕೊಂಡು ಕೂತ.

ಸುಗಲಾಬಾಯಿ ಹೇಳಿದ ಗುರುತಿನ ಮೇಲೆ ಜೈಪಾಲನ ಮನೆ ಸುಲಭವಾಗಿ ಸಿಕ್ಕಿತು. ಅಂಗಳಕ್ಕೆ ಕಾರ್ಖಾನೆಯಲ್ಲಿ ಉಳಿದ ಕಲ್ಲಿನ ಚೂರುಗಳನ್ನೇ ಹಾಸಿದ್ದರು. ಒಂದು ಹಸಿರು, ಒಂದು ನೀಲಿ, ಒಂದು ಬೂದು, ಯಾವುದೂ ಇನ್ನೊಂದರ ಅಳತೆಯದಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಲಚ್ಚಮ್ಮ ಬಿಸಿಲಿಗೆ ಕಾಲು ಚಾಚಿದ್ದಳು.

"ಯಾರಪಾ?"

"ನಾ ಅಮರನಾಥ ಅಂತ್ರಿ. ಜಹೀರಾಬಾದದಿಂದ ಬಂದೀನಿ. ಟೀಚರ್ ಅದಾರೇನ್ರಿ?"

ಮುದುಕಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನಿಧಾನಕಿನಾವರು ನೀವೇ ಏನು?" ಎಂದು ನಕ್ಕು, ಒಳಗೆ ತಿರುಗಿ ಕೂಗಿದಳು. "ರಜನೀ, ನಿನ್ನ ನಿಧಾನಕಿನಾವರು ಬಂದಾರ ನೋಡು. ಸಾವಕಾಶ ಬಾ, ಅವ್ರಿಗಿ ಗಡಿಬಿಡಿ ಆಗಿಬರೋದಿಲ್ಲಂತ."

ರಜನಿ ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು. ತಾಯಿಯ ಕಡೆ ಒಮ್ಮೆ ದುರುಗುಟ್ಟಿ ನೋಡಿದಳು. ಅವನ ಕಡೆ ನೋಡುವಾಗ ಆ ನೋಟ ಏನಾಯಿತೋ, ಉಳಿದಿರಲಿಲ್ಲ. ಸ್ವಲ್ಪ ಇಳಿದಿದ್ದಳು. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು ಹೊಸವು.

"ನಡೆ ತಂದೀನ್ರಿ," ಎಂದ ಅಮರನಾಥ.

ಒಳಗಿನ ಮಂಚದ ಮೇಲೆ ಹಲಗೆ ಬಿಚ್ಚಿದ. ಎಂಟು ತಿಂಗಳ ಕುಲುಕಾಟದಲ್ಲಿ ಒಂದು ಕಾಯಿಯೂ ಸರಿದಿರಲಿಲ್ಲ. ಒಂಟೆಯನ್ನು ಎಲ್ಲಿಡಬೇಕೆಂದು ಮಾರ್ಚಿನಿಂದ ಗೊತ್ತಿದ್ದವನು ಕೈ ಚಾಚಿ, ಎಲ್ಲಕ್ಕಿಂತ ಬಲದ ಕಾಯಿಯಾದ ವಜೀರನನ್ನು ಎತ್ತಿದ. ಎತ್ತಿ, ಅವಳ ಕುದುರೆಯ ಬಾಯಿಗೆ ನೇರವಾಗಿ ಇಟ್ಟ.

ರಜನಿ ಹಲಗೆ ನೋಡಿದಳು. "ಇದು ವಿಚಾರ ಮಾಡಿ ಇಟ್ಟಿದ್ದೇನ್ರಿ?"

"ಇಲ್ಲ."

"ವಜೀರ ಹೋಗ್ತಾನ."

"ಹೋಗ್ಲಿ. ಅವತ್ತು ಬಸ್ಸಿನ್ಯಾಗ ಹೇಳಿದ್ದು ನಾಕು ದಿವಸ ವಿಚಾರ ಮಾಡಿ ಹೇಳಿದ್ದು. ಅದು ತಪ್ಪಿತ್ತು. ಇವತ್ತು ವಿಚಾರ ಮಾಡ್ದೆ ಹೇಳ್ತೀನಿ. ನೀವು ತಿರುಗಿ ಖೇಡಕ್ಕ ಬರೋದು ಬ್ಯಾಡ. ನಾನೇ ಇಲ್ಲಿಂದ ದಿನಾ ಹೋಗಿಬರ್ತೀನಿ. ಲಗ್ನ ಮಾಡ್ಕೊಳೋಣ್ರಿ."

ಹೊರಗೆ ಲಚ್ಚಮ್ಮನ ಕುರ್ಚಿ ಕಿರ್ರೆಂದಿತು. ಆಮೇಲೆ ಬಹಳ ಎಚ್ಚರದಿಂದ ಸುಮ್ಮನಾಯಿತು.

ರಜನಿಯ ಕೈ ಹಲಗೆಯ ಕಡೆ ಹೋಯಿತು. ಕುದುರೆಯ ಮೇಲೆ ಒಂದು ಬೆರಳಗಲ ಎತ್ತರದಲ್ಲಿ ನಿಂತಿತು. ಮುಟ್ಟಲಿಲ್ಲ. ಅವಳ ಕೈ ಹಾಗೆ ನಡುವೆ ನಿಂತದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ನಾ ಗಡಿಬಿಡಿಲೆ ನಡಸ್ತೀನಿ ಅಂತ ನೀವು ಮೂರು ವರ್ಷ ಬೈದ್ರಿ," ಎಂದಳು ಕೈ ಹಿಂದೆಗೆದುಕೊಂಡು. "ದಿನಾ ಸಂಜೀಕ ರೊಟ್ಟಿ ಬಡಿಯೋವಾಗ, ಹಲಗಿ ನಿಮ್ಮ ಮನ್ಯಾಗ ಇದ್ರೂ, ನನ್ನ ಕಣ್ಣ ಮುಂದೇ ಇರ್ತಿತ್ತು. ನೀವು ಏನೇನು ನಡಸಬಹುದು, ಅದಕ್ಕ ನಾ ಏನ್ ನಡಸಬೇಕು, ಎಲ್ಲಾ ಅಲ್ಲೇ ನೋಡಿ ಇಟ್ಟಿರ್ತಿದ್ದೆ. ಮುಂಜಾನೆ ಬರೇ ಕೈ ಆಡಸೋದು. ಬಸ್ಸಿನ್ಯಾಗಿನ ಹೊತ್ತು ಹಲಗಿ ನೋಡಾಕ ಯಾಕ ಹಾಳ್ಮಾಡಬೇಕು?"

ಅಮರನಾಥ ಆ ಮಾತನ್ನು ಹಲ್ಲಿನ ನಡುವೆ ಇಟ್ಟುಕೊಂಡ ಕಾಳಿನಂತೆ ಹಿಡಿದು ಕೂತ. ಇಪ್ಪತ್ತೊಂಬತ್ತು ಆಟಗಳ ಅದೃಷ್ಟ ಒಂದೇ ಕ್ಷಣದಲ್ಲಿ ಕರಗಿತು. ಹಾಗಾದರೆ ಆ ಮೂರು ವರ್ಷ ಅವಳು ಕಿಟಕಿಯಾಚೆ ನೋಡುತ್ತ ಕಾದಿದ್ದಳೇ?

"ನಿಜವಾಗಿ ವಿಚಾರ ಮಾಡ್ದೆ ನಾ ನಡಸಿದ್ದು ಒಂದೇ ಸಲ," ಎಂದಳು ರಜನಿ. "ಇಪ್ಪತ್ತೆರಡು ವರ್ಷದಾಕಿ ಇದ್ದಾಗ. ಹನ್ನೊಂದು ತಿಂಗಳಿಗಿ ಆಟ ಮುಗೀತು. ಇದು ನೀವು ನಡಸ್ತೀರಂತ ನಾ ಯಾವ ರೊಟ್ಟಿ ಬಡಿಯೋವಾಗೂ ನೋಡಿಟ್ಟಿರ್ಲಿಲ್ಲ. ನೋಡೋದು ಬಿಟ್ಟು ಬಹಳ ದಿವಸ ಆತು."

ಅವಳ ಕೈ ಮೇಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಹಲಗೆಯ ಎರಡು ಭಾಗವನ್ನೂ ಮೆಲ್ಲಗೆ, ಕಾಯಿ ಅಲುಗದಂತೆ ಮಡಚಿದಳು. ಅಂಚಿನ ಮೇಲೆ ಹಿಟ್ಟಿನ ಬೆರಳುಗಳು ಮೂಡಿದವು.

"ವಿಚಾರ ಮಾಡಿ ಹೇಳ್ತೀನಿ," ಎಂದಳು.

ಅವನು ತಲೆಯಾಡಿಸಿದ. ಆ ಮೂರು ಪದಗಳನ್ನು ಕೇಳುವವನಿಗೆ ಹೇಗಿರುತ್ತದೆಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ನಲವತ್ತಾರು ವರ್ಷದಲ್ಲಿ ಎಷ್ಟು ಜನರ ಮುಂದೆ ಅದನ್ನು ಇಟ್ಟು ಎದ್ದು ಬಂದಿದ್ದನೋ.

"ಎಷ್ಟು ದಿವಸ ಹಿಡೀತದ್ರಿ?" ಎಂದು ಕೇಳಿದ; ಕೇಳಬಾರದಿತ್ತೇನೋ ಅನಿಸಿತು.

"ನಿಮ್ಮಷ್ಟು ಹಿಡಿಯೋದಿಲ್ಲ."

ಊಟ ಮಾಡಿಸಿಯೇ ಕಳಿಸಿದರು. ಲಚ್ಚಮ್ಮ ಎರಡು ಸಲ ಬೇಳೆ ಹಾಕಿಸಿ, ಅವನು ತುತ್ತು ಅಗಿಯುವುದನ್ನೇ ನೋಡುತ್ತ, "ಬ್ಯಾಳಿ ಹ್ಯಾಂಗದರಿ? ಸಾವಕಾಶ ಹೇಳ್ರಿ, ನಂಗೇನು ಅವಸರ ಇಲ್ಲ," ಎಂದಳು. ರಜನಿ ಮೂಗಿನಲ್ಲಿ ನಕ್ಕಳು. ಎಂಟು ತಿಂಗಳ ಮೇಲೆ ಅವನು ಆ ಸದ್ದು ಕೇಳಿದ. ಅದೊಂದಕ್ಕೇ ಇನ್ನೊಂದು ವಜೀರನನ್ನು ಕೊಡಬಹುದಿತ್ತು, ಇದ್ದದ್ದು ಒಂದೇ.

ತಿರುಗಿ ಹೋಗುವ ಬಸ್ಸೂ ಸುಗಲಾಬಾಯಿಯದೇ. ಟಿಕೆಟ್ ಹರಿದು ಕೊಡುತ್ತ ಅವಳು ಅವನ ಮುಖ ಓದಲು ನೋಡಿದಳು, ಓದಲು ಬರಲಿಲ್ಲ.

"ಏನಾತು?"

"ನಡೆ ಆಕಿದದ."

"ಹಲಗಿ?"

"ಆಕಿ ಹತ್ರ."

ಸುಗಲಾಬಾಯಿ ಏನೋ ಚುಚ್ಚಿ ಹೇಳಲು ಬಾಯಿ ತೆರೆದವಳು, ಹೇಳದೆ ಮುಂದಿನ ಸೀಟಿಗೆ ಹೋದಳು.

ಬಸ್ಸು ಊರು ಬಿಟ್ಟಿತು. ಎರಡೂ ಬದಿಗೆ ಕಲ್ಲಿನ ರಾಶಿ, ಆಮೇಲೆ ಕೊಯ್ಲಿಗೆ ನಿಂತ ತೊಗರಿ. ಅಮರನಾಥನ ಕಾಲ ಮೇಲೆ ಏನೂ ಇರಲಿಲ್ಲ. ಎರಡು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ. ಅವಳು ಕುದುರೆಯಿಂದ ವಜೀರನನ್ನು ಹೊಡೆಯಬಹುದು. ಹೊಡೆಯದೆ ಬಿಡಬಹುದು. ಇವತ್ತು ಸಂಜೆ ರೊಟ್ಟಿ ಬಡಿಯುವಾಗ ಹಲಗೆ ಅವಳ ಕಣ್ಣ ಮುಂದೆ ಬರುತ್ತದೆ. ಅಷ್ಟು ಮಾತ್ರ ಖಚಿತ. ಅದರಾಚೆ ಒಂದು ನಡೆಯನ್ನೂ ಅವನಿಂದ ನೋಡಲಾಗಲಿಲ್ಲ.

ಮುಂದಿನ ಊರಿನಲ್ಲಿ ಜನ ಹತ್ತಿದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡವನೊಬ್ಬ ಬಂದು, ಪಕ್ಕದ ಸೀಟಿನ ಮೇಲಿದ್ದ ಅಮರನಾಥನ ಚೀಲ ನೋಡಿದ. ಖಾಲಿ ಡಬ್ಬಿಯೊಂದೇ ಇದ್ದ ಚೀಲ.

"ಇಲ್ಲಿ ಯಾರರ ಬರ್ತಾರೇನ್ರಿ?"

ಅಮರನಾಥ ಕಿಟಕಿಯಿಂದ ಮುಖ ತಿರುಗಿಸಿದ.

"ಹೂಂ," ಎಂದ.